ಕರಗದೆ ಕೂಡುವ ಬಗೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆ ಹೋಗುವ ರಸ್ತೆಯ ಪಕ್ಕ ಒಂದು ವೆಲ್ಡಿಂಗ್ ಅಂಗಡಿ. ಮಾತಾಡುವವರು ಇಬ್ಬರು: ಅಂಗಡಿಯ ಯಜಮಾನ, ಮತ್ತು ಸೊರಬದಲ್ಲಿರುವ ಅವರ ಅಕ್ಕನ ಮಗಳು. ಹುಡುಗಿ ಬೆಂಗಳೂರಿನಲ್ಲಿ ಎಂ.ಟೆಕ್. ಓದುತ್ತಾಳೆ, ರಜೆಗೆ ಬಂದಿದ್ದಾಳೆ. ಅಂಗಡಿಯಲ್ಲಿ ಕರೆಂಟಿಲ್ಲ, ಹಾಗಾಗಿ ಮಾತಿಗೆ ಪುರುಸೊತ್ತಿದೆ.

ಮಾವ: ನಿನ್ನ ಪ್ರಾಜೆಕ್ಟು ಅಲ್ಯೂಮಿನಿಯಂಗೂ ಕಬ್ಬಿಣಕ್ಕೂ ವೆಲ್ಡಿಂಗ್ ಮಾಡೋದು ಅಂತ ನಿಮ್ಮಮ್ಮ ಹೇಳಿದ್ಲು. ಆಗ್ಲಿ, ಮಾಡು. ಆದ್ರೆ ನಾನು ಜನರನ್ನ ಆಗಲ್ಲ ಅಂತ ವಾಪಸ್ ಕಳಿಸೋ ಕೆಲಸ ಅದು. ಮೊನ್ನೆ ಒಬ್ಬ ಅಡಿಕೆ ದೋಟಿ ತಂದಿದ್ದ. ಅಲ್ಯೂಮಿನಿಯಂ ಪೈಪು, ತುದಿಗೆ ಉಕ್ಕಿನ ಕತ್ತಿ. ಬೋಲ್ಟ್ ಸಡಿಲ ಆಗ್ತದೆ, ಒಂದು ವೆಲ್ಡಿಂಗ್ ಹೊಡೆದುಬಿಡಿ ಅಂದ. ಊರ ದೇವರು ಹುಚ್ಚರಾಯಸ್ವಾಮಿ ಬಂದು ನಿಂತ್ರೂ ಆಗಲ್ಲ ಮಾರಾಯ ಅಂದೆ.

ಹುಡುಗಿ: ನೀವು ಹೊಡೆದು ನೋಡೇ ಇಲ್ವಾ?

ಮಾವ: ನೋಡದೆ ಹೇಳ್ತೀನಾ? ಆರ್ಕಿನಲ್ಲಿ ಹೊಡೆದ್ರೆ ಕಬ್ಬಿಣ ಕರಗೋ ಹೊತ್ತಿಗೆ ಅಲ್ಯೂಮಿನಿಯಂ ನೀರಾಗಿ ನೆಲಕ್ಕೆ ಬಿದ್ದಿರ್ತದೆ. ಟಿಗ್ ಮಷಿನ್ ತಂದ ಮೇಲೆ ಆರ್ಗಾನ್ ಬಿಟ್ಕೊಂಡು ನಿಧಾನಕ್ಕೆ ಹಿಡಿಸಿ ನೋಡಿದೆ. ಹಿಡಿದಂಗೇ ಕಾಣ್ತು. ತಣ್ಣಗಾಗ್ತಾ ಟಿಣ್ ಅಂತ ಸದ್ದು ಬಂತು, ಮುಟ್ಟಿದ್ರೆ ಎರಡೂ ಬೇರೆ. ಬಿಟ್ಟ ಜಾಗದಲ್ಲಿ ಬೂದು ಬಣ್ಣದ ಹರಳು ಹರಳು.

ಹುಡುಗಿ: ಆ ಬೂದು ಹರಳಿನ ಮೇಲೇ ನಮ್ಮ ಕೆಲಸ ನಿಂತಿರೋದು ಮಾವ. ಅದು ಅಲ್ಯೂಮಿನಿಯಮ್ಮೂ ಅಲ್ಲ, ಕಬ್ಬಿಣವೂ ಅಲ್ಲ. ಎರಡೂ ಸೇರಿ ಆದ ಮೂರನೇ ವಸ್ತು. ಐದು ಅಲ್ಯೂಮಿನಿಯಂ ಪರಮಾಣುಗೆ ಎರಡು ಕಬ್ಬಿಣದ ಲೆಕ್ಕದಲ್ಲಿ ಒಂದು, ಮೂರಕ್ಕೊಂದರ ಲೆಕ್ಕದಲ್ಲಿ ಇನ್ನೊಂದು, ಹೀಗೆ ಅದರಲ್ಲೂ ಜಾತಿಗಳಿವೆ. ಅಲ್ಯೂಮಿನಿಯಂ ಹೆಚ್ಚಿರೋವು ಮೆದು ಉಕ್ಕಿಗಿಂತ ಹಲವು ಪಟ್ಟು ಗಡಸು, ಆದರೆ ಬಗ್ಗಲ್ಲ. ಎಳೆದರೆ ಸೀಳ್ತವೆ.

ಮಾವ: ತಾಮ್ರ ಸತು ಸೇರಿ ಹಿತ್ತಾಳೆ ಆಗಲ್ವಾ? ಅದು ಸೀಳಲ್ವಲ್ಲ.

ಹುಡುಗಿ: ತಾಮ್ರದೊಳಗೆ ಸತು ಧಾರಾಳವಾಗಿ ಕರಗಿಕೊಂಡು ಕೂತುಬಿಡ್ತದೆ. ಗಟ್ಟಿ ಅಲ್ಯೂಮಿನಿಯಮ್ಮಿನೊಳಗೆ ಕಬ್ಬಿಣ ಶೇಕಡಾ 0.1ರಷ್ಟೂ ಕರಗಲ್ಲ. ಕರಗೋಕೆ ಜಾಗ ಇಲ್ಲದೆ ಉಳಿದದ್ದು ಗಡಿಯಲ್ಲಿ ಈ ಹರಳಾಗಿ ಕಟ್ಟಿಕೊಳ್ತದೆ. ಅಲ್ಯೂಮಿನಿಯಂ ದ್ರವ ಆಗಿದ್ದಾಗಂತೂ ಅದು ಸರಸರ ಬೆಳೀತದೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಕಬ್ಬಿಣ 1538ಕ್ಕೆ. ಎರಡನ್ನೂ ಒಟ್ಟಿಗೆ ಕರಗಿಸಹೊರಟರೆ ಒಂದು ನೀರಾಗಿ ಬಹಳ ಹೊತ್ತಾಗಿರ್ತದೆ. ನಿಮಗೆ ಟಿಣ್ ಅಂದಿದ್ದಕ್ಕೆ ಇನ್ನೊಂದು ಕಾರಣ: ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ತದೆ, ತಣ್ಣಗಾದಾಗ ಅಷ್ಟೇ ಕುಗ್ತದೆ. ಮಧ್ಯೆ ಬಗ್ಗದ ಪದರ. ಎಳೆದಾಟದಲ್ಲಿ ಅದೇ ಬಿರಿಯೋದು.

ಮಾವ: ಹಿಗ್ಗೋದರ ಕತೆ ಗ್ಯಾರೇಜಿನವರಿಗೆ ಗೊತ್ತು. ಬೈಕಿನ ಬ್ಲಾಕು ಅಲ್ಯೂಮಿನಿಯಂ, ಒಳಗಿನ ಸ್ಲೀವು ಬೀಡು ಕಬ್ಬಿಣ. ಸವೆದ ಸ್ಲೀವ್ ತೆಗೆದು ಹೊಸದು ಹಾಕೋವಾಗ ಬ್ಲಾಕನ್ನ ಕಾಯಿಸ್ತಾರೆ. ತೂತು ಅಗಲ ಆಗ್ತದೆ, ಸ್ಲೀವ್ ಇಳಿಸ್ತಾರೆ, ತಣ್ಣಗಾದ್ರೆ ಹಿಡ್ಕೊಂಡ್ಬಿಡ್ತದೆ. ವೆಲ್ಡಿಂಗ್ ಇಲ್ಲ, ಬೋಲ್ಟಿಲ್ಲ. ಅಂಥ ಲೈನರ್ ಎರಕ ಹೊಯ್ಯೋ ಕಾರ್ಖಾನೆ ಶಿವಮೊಗ್ಗದಾಗೇ ಐತೆ.

ಹುಡುಗಿ: ಅದೇ ಹಿಗ್ಗೋ ಗುಣ ಅಲ್ಲಿ ಹಿಡಿಸ್ತದೆ, ಇಲ್ಲಿ ಬಿಡಿಸ್ತದೆ.

ಮಾವ: ಬಸ್ಸಿನ ಬಾಡಿ ನೋಡು. ಒಳಗೆ ಕಬ್ಬಿಣದ ಪೈಪಿನ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಶೀಟು. ಉದ್ದಕ್ಕೂ ರಿವೀಟು. ಆಮೇಲೆ ಕರೆಂಟು ತಂತಿ. ಮೆಸ್ಕಾಂನವರು ರ‍್ಯಾಬಿಟ್ ಅಂತಾರಲ್ಲ, ಅದನ್ನ ಬಿಚ್ಚಿ ನೋಡಿದೀಯಾ?

ಹುಡುಗಿ: ಮಧ್ಯೆ ಒಂದು ಉಕ್ಕಿನ ಎಳೆ, ಸುತ್ತ ಆರು ಅಲ್ಯೂಮಿನಿಯಂ ಎಳೆ, ಏಳೂ 3.35 ಮಿಲಿಮೀಟರ್ ದಪ್ಪ. ಭಾರದ ಎಳೆತ ಹೆಚ್ಚಾಗಿ ಉಕ್ಕಿಗೆ, ಕರೆಂಟು ಅಲ್ಯೂಮಿನಿಯಮ್ಮಿಗೆ. ಉಕ್ಕಿಗೆ ಸತುವಿನ ಲೇಪ ಕೊಟ್ಟಿರ್ತಾರೆ, ಎರಡೂ ನೇರವಾಗಿ ಒಂದಕ್ಕೊಂದು ತಾಗಬಾರದು ಅಂತ.

ಮಾವ: ಅಲ್ಲಿಗೆ ನೋಡು. ಹೊಸೆದ್ರು, ರಿವೀಟ್ ಹೊಡೆದ್ರು, ಕಾಯಿಸಿ ತೊಡಿಸಿದ್ರು. ವೆಲ್ಡಿಂಗ್ ಮಾತ್ರ ಯಾರೂ ಮಾಡ್ಲಿಲ್ಲ. ಅವರೆಲ್ಲ ದಡ್ಡರಾ?

ಹುಡುಗಿ: ದಡ್ಡರಲ್ಲ. ಆದರೆ ರಿವೀಟಿಗೆ ತೂತು ಕೊರೀಬೇಕು, ಒಂದರ ಮೇಲೊಂದು ಹೊದಿಸಬೇಕು, ತೂಕ ಕೂಡ್ತದೆ, ಸಂದಿಗೆ ನೀರು ಇಳೀತದೆ. ಕಾರು ಮಾಡೋರಿಗೆ ಗ್ರಾಂ ಗ್ರಾಂ ಲೆಕ್ಕ. ಗಟ್ಟಿ ಬೇಕಾದ ಕಡೆ ಉಕ್ಕು, ಹಗುರ ಬೇಕಾದ ಕಡೆ ಅಲ್ಯೂಮಿನಿಯಂ ಇಟ್ಟು ನಡುವೆ ಉದ್ದಕ್ಕೂ ಒಂದು ಬೆಸುಗೆ ಸಿಕ್ಕರೆ ಅವರಿಗೆ ಹಬ್ಬ. ಹಡಗಿನವರಿಗೂ ಈ ತಾಪತ್ರಯ ಇತ್ತು. ಕೆಳಗೆ ಉಕ್ಕಿನ ಒಡಲು, ಮೇಲಿನ ಅಂತಸ್ತು ಅಲ್ಯೂಮಿನಿಯಂ. ಎರಡು ಲೋಹದ ತಟ್ಟೆಗಳನ್ನ ಸಿಡಿಮದ್ದಿನಿಂದ ಒಂದಕ್ಕೊಂದು ಅಪ್ಪಳಿಸಿ ಅಂಟಿಸಿದ ಪಟ್ಟಿಯನ್ನ ಮಧ್ಯೆ ಇಡ್ತಾರೆ. ಉಕ್ಕಿನ ಮಗ್ಗುಲು ಉಕ್ಕಿಗೆ, ಅಲ್ಯೂಮಿನಿಯಂ ಮಗ್ಗುಲು ಅಲ್ಯೂಮಿನಿಯಮ್ಮಿಗೆ ಬೆಸೀತಾರೆ.

ಮಾವ: ಸಿಡಿಮದ್ದಾ? ಒಳ್ಳೆ ಮದುವೆ.

ಹುಡುಗಿ: ಅದರಲ್ಲೂ ಕರಗಿಸೋದು ಮುಖ್ಯ ಅಲ್ಲ, ಅದುಮೋದು ಮುಖ್ಯ. ಅದಕ್ಕಿಂತ ಹಳೇದು ನಿಮ್ಮ ಊರಿನಲ್ಲೇ ಇದೆಯಲ್ಲ ಮಾವ. ಕಮ್ಮಾರರು ಕತ್ತಿಗೆ ಉಕ್ಕು ಹಾಕ್ತಾರಲ್ಲ, ಅಲ್ಲಿ ಏನನ್ನ ಕರಗಿಸ್ತಾರೆ?

ಮಾವ: ಏನನ್ನೂ ಇಲ್ಲ. ಮೆದು ಕಬ್ಬಿಣವನ್ನ ಸೀಳಿ ಬಾಯಿ ಮಾಡಿ, ಅದರೊಳಗೆ ಉಕ್ಕಿನ ಚೂರು ಇಟ್ಟು, ಬಿಳಿ ಬಣ್ಣಕ್ಕೆ ಬರೋ ತನಕ ಕುಲುಮೆಯಾಗೆ ಕಾಯಿಸೋದು. ಮರಳೋ ಬಿಳಿಗಾರವೋ ಎರಚಿದ್ರೆ ಸುಟ್ಟ ಪದರ ಕರಗಿ ಹರಿದುಹೋಗ್ತದೆ. ಆಮೇಲೆ ಸುತ್ತಿಗೆ. ನಮ್ಮಪ್ಪ ಭದ್ರಾವತಿಯ ಕಾರ್ಖಾನೆಗೆ ಸೇರೋಕೆ ಮುಂಚೆ ಇದೇ ಮಾಡ್ತಿದ್ದ. ಕಬ್ಬಿಣ ಕರಗಿಸೋ ಊರಿಗೆ ಹೋದ ಮೇಲೂ, ಕರಗಿಸದೆ ಕೂಡಿಸೋನೇ ಕೆಲಸಗಾರ ಅಂತಿದ್ದ.

(ಭದ್ರಾವತಿಯಲ್ಲಿ ಕಬ್ಬಿಣ ತಯಾರಾಗತೊಡಗಿದ್ದು 1923ರಲ್ಲಿ, ಮಲೆನಾಡಿನ ಕಾಡಿನ ಇದ್ದಲನ್ನು ಉರಿಸಿ. ಈ ಜಿಲ್ಲೆಗೆ ಲೋಹದ ಮಾತು ಹೊಸದಲ್ಲ.)

ಹುಡುಗಿ: ನಿಮ್ಮಪ್ಪನ ಮಾತು 1991ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಯ್ತು ಅಂದ್ಕೊಳ್ಳಿ. ಕೇಂಬ್ರಿಜ್ ಹತ್ತಿರ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್ ಅಂತ ಇದೆ. ಅಲ್ಲಿ ವೇಯ್ನ್ ಥಾಮಸ್ ಮತ್ತು ಜೊತೆಗಾರರು ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್ ಅಂತ ಒಂದು ವಿಧಾನ ಕಂಡುಹಿಡಿದ್ರು. ಮೊದಲು ಅಲ್ಯೂಮಿನಿಯಮ್ಮಿಗೆ ಅಲ್ಯೂಮಿನಿಯಂ ಬೆಸೆಯೋದಕ್ಕೆ. ರಾಡಿಲ್ಲ, ಗ್ಯಾಸಿಲ್ಲ, ಕಿಡಿಯಿಲ್ಲ, ಕಪ್ಪು ಗಾಜು ಹಾಕ್ಕೊಳ್ಳೋ ಕೆಲಸ ಇಲ್ಲ.

ಮಾವ: ಹಂಗಾದ್ರೆ ಏನೈತೆ?

ಹುಡುಗಿ: ಗಟ್ಟಿ ಉಕ್ಕಿನ ಒಂದು ಟೂಲ್. ಅದಕ್ಕೊಂದು ಅಗಲವಾದ ಭುಜ, ಭುಜದ ಮಧ್ಯದಿಂದ ಕೆಳಕ್ಕೆ ಒಂದು ಸಣ್ಣ ಪಿನ್ನು, ತಟ್ಟೆಯ ದಪ್ಪಕ್ಕಿಂತ ಒಂಚೂರು ಗಿಡ್ಡ. ಎರಡು ತಟ್ಟೆಗಳನ್ನ ಅಂಚಿಗಂಚು ಇಟ್ಟು ಬಿಗಿಯಾಗಿ ಕ್ಲ್ಯಾಂಪ್ ಮಾಡಿ, ಟೂಲನ್ನ ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗಿಸ್ತಾ ಸಂದಿಯೊಳಗೆ ಒತ್ತಬೇಕು. ಭುಜ ಮೇಲ್ಮೈಗೆ ಉಜ್ಜಿ ಬಿಸಿ ಹುಟ್ತದೆ. ಲೋಹ ಕರಗಲ್ಲ, ಮೆತ್ತಗಾಗ್ತದೆ. ಪಿನ್ನು ಅದನ್ನ ತನ್ನ ಸುತ್ತ ಹಿಂದಕ್ಕೆ ಸಾಗಿಸ್ತದೆ, ಭುಜ ಮೇಲಿಂದ ಅದುಮ್ತದೆ. ಹಾಗೇ ಸಂದಿಯುದ್ದಕ್ಕೂ ನಡೆಸೋದು. ಕೊನೆಯಲ್ಲಿ ಟೂಲ್ ಎತ್ತಿದಾಗ ಒಂದು ತೂತು ಉಳೀತದೆ, ಅದೊಂದು ಕಿರಿಕಿರಿ.

ಮಾವ: ಮುದ್ದೆ ತಿರುವಿದಂಗೆ ಅನ್ನು.

ಹುಡುಗಿ: ಎಲ್ಲರೂ ಅದನ್ನೇ ಹೇಳ್ತಾರೆ. ಎರಡೂ ಕಡೆ ಅಲ್ಯೂಮಿನಿಯಂ ಇದ್ದರೆ ಸರಿ ಅಂತಲೇ ಇಟ್ಕೊಳ್ಳೋಣ. ಆದರೂ ತಿರುವೋದು ಒಂದೇ ಥರ ಅಲ್ಲ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕುಮಾರ್ ಮತ್ತು ಸತೀಶ್ ಕೈಲಾಸ್ ಅಂತ ಇಬ್ಬರು 2008ರಲ್ಲಿ ಇದನ್ನ ಚೆಂದವಾಗಿ ತೋರಿಸಿದ್ರು. ಒಂದೇ ಓಟದಲ್ಲಿ, ಭುಜ ತಟ್ಟೆಗೆ ತಾಗೋದನ್ನ ಸ್ವಲ್ಪಸ್ವಲ್ಪವೇ ಹೆಚ್ಚಿಸ್ತಾ ಹೋದ್ರು. ಆಮೇಲೆ ಅಲ್ಲಲ್ಲಿ ಕೊಯ್ದು ನೋಡಿದ್ರು. ಭುಜ ಸರಿಯಾಗಿ ತಾಗದ ಕಡೆ ಒಳಗೆ ಟೊಳ್ಳು, ತಾಗಿದ ಕಡೆ ತುಂಬಿದ ಬೆಸುಗೆ. ಪಿನ್ನು ಸಾಗಿಸೋ ಹರಿವು ಬೇರೆ, ಭುಜ ಸಾಗಿಸೋ ಹರಿವು ಬೇರೆ, ಎರಡೂ ಕೂಡಿದಾಗಲೇ ಬೆಸುಗೆ ಅಂತ ಹೇಳಿದ್ರು. ದೊಡ್ಡ ಸಿದ್ಧಾಂತ ಕಟ್ಟೋ ಮೊದಲು ಒಂದು ಒಳ್ಳೇ ಪ್ರಯೋಗ ಮಾಡಿದ್ರಲ್ಲ, ಅದು ನನಗೆ ಇಷ್ಟ.

ಮಾವ: ಎಷ್ಟು ಒತ್ತಬೇಕು?

ಹುಡುಗಿ: ತೆಳು ತಟ್ಟೆಗೂ ಕೆಲವು ಕಿಲೋನ್ಯೂಟನ್. ಐದು ಅಂದರೆ ಸುಮಾರು 500 ಕೆ.ಜಿ. ಭಾರ, ಬೆರಳಗಲದ ಟೂಲಿನ ಮೇಲೆ. ಎಷ್ಟೋ ಕಾಲೇಜುಗಳಲ್ಲಿ ಹಳೇ ಮಿಲ್ಲಿಂಗ್ ಮಷಿನ್ನನ್ನೇ ಇದಕ್ಕೆ ಒಗ್ಗಿಸಿಕೊಂಡಿದಾರೆ.

ಮಾವ: ಸರಿ. ಈಗ ಒಂದು ಕಡೆ ಉಕ್ಕು ಇಡು. ಅಲ್ಯೂಮಿನಿಯಂ ಮೆತ್ತಗಾಗೋ ಬಿಸಿಗೆ ಉಕ್ಕು ಜಪ್ಪಯ್ಯ ಅನ್ನಲ್ಲ. ನಿನ್ನ ಪಿನ್ನೇ ಸವೆದು ಹೋಗ್ತದೆ.

ಹುಡುಗಿ: ಹೋಗ್ತದೆ. ಅದಕ್ಕೇ ಮುದ್ದೆಯ ಮಾತು ಇಲ್ಲಿ ನಡೆಯಲ್ಲ. ಪಿನ್ನನ್ನ ಸಂದಿಯ ಮಧ್ಯೆ ಇಡಲ್ಲ, ಅಲ್ಯೂಮಿನಿಯಂ ಕಡೆಗೆ ಸರಿಸಿ ಇಡ್ತಾರೆ. ಉಕ್ಕಿನ ಅಂಚನ್ನ ಅದು ಸವರಿಕೊಂಡು ಹೋಗಬೇಕು, ಅಷ್ಟೇ. ಉಕ್ಕಿನ ಮೈಮೇಲಿನ ಹಳೇ ಪೊರೆ ಕೆರೆದುಹೋಗಿ ಹೊಸ ಮೈ ಕಾಣ್ತದೆ. ಅದೇ ಗಳಿಗೆಯಲ್ಲಿ ಮೆತ್ತಗಾದ ಅಲ್ಯೂಮಿನಿಯಂ ಬಂದು ಅದರ ಮೇಲೆ ಒತ್ತಿಕೊಳ್ತದೆ. ಕಲಕೋದು ಒಂದನ್ನೇ. ಇನ್ನೊಂದು ಗೋಡೆಯಾಗಿ ನಿಂತಿರ್ತದೆ.

ಮಾವ: ಪೊರೆ ಕೆರೆಯೋದು ಅಂದ್ಯಲ್ಲ, ಅದು ನನಗೆ ಅರ್ಥ ಆಗ್ತದೆ. ಅಲ್ಯೂಮಿನಿಯಂ ಟಿಗ್ ಮಾಡೋವಾಗ ಬ್ರಷ್ ಹೊಡೀದಿದ್ರೆ ಏನೂ ಹಿಡಿಯಲ್ಲ.

ಹುಡುಗಿ: ಆ ಪೊರೆ ಕರಗೋದು 2000 ಡಿಗ್ರಿ ದಾಟಿದ ಮೇಲೆ. ಒಳಗಿನ ಲೋಹ 660ಕ್ಕೇ ನೀರು. ಒಡೀಬೇಕೇ ಹೊರತು ಕರಗಿಸೋಕೆ ಹೋಗಬಾರದು.

ಮಾವ: ಎಷ್ಟು ಸವರಬೇಕು ಉಕ್ಕನ್ನ?

ಹುಡುಗಿ: ಜಪಾನಿನಲ್ಲಿ ವಟನಾಬೆ ಮತ್ತವರ ಜೊತೆಯವರು 2006ರಲ್ಲಿ ಒಂದು ಲೇಖನ ಬರೆದ್ರು. 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಮಿಶ್ರಲೋಹ, ಅಷ್ಟೇ ದಪ್ಪದ ಮೆದು ಉಕ್ಕು. ಪಿನ್ನು ಉಕ್ಕಿನೊಳಕ್ಕೆ 0.2 ಮಿಲಿಮೀಟರ್ ಮಾತ್ರ ಹೋದಾಗ ಅವರಿಗೆ ಅತಿ ಗಟ್ಟಿ ಬೆಸುಗೆ ಸಿಕ್ತು, ಅಲ್ಯೂಮಿನಿಯಂ ತಟ್ಟೆಯ ಬಲದ ಸುಮಾರು ಶೇ. 86. ಇನ್ನೂ ಒಳಕ್ಕೆ ಹೋದರೆ ಉಕ್ಕಿನ ಚೂರು ಚೂರು ಕಿತ್ತು ಅಲ್ಯೂಮಿನಿಯಮ್ಮಿನೊಳಗೆ ಚೆಲ್ಲಾಡ್ತದೆ, ಬಲ ಇಳೀತದೆ. ತಾಗದೇ ಹೋದರೆ ಹಿಡಿಯೋದೇ ಇಲ್ಲ.

ಮಾವ: 0.2 ಅಂದ್ರೆ ಎರಡು ಹಾಳೆ ಕಾಗದ. ಕೈಯಲ್ಲಿ ಆಗೋ ಕೆಲಸ ಅಲ್ಲ ಬಿಡು. ಅಷ್ಟು ಮಾಡಿದ್ರೂ ನಿನ್ನ ಬೂದು ಹರಳು ಬರಲ್ವಾ?

ಹುಡುಗಿ: ಬರ್ತದೆ, ಬರಬೇಕು ಕೂಡ. ಹರಳು ಸ್ವಲ್ಪವೂ ಹುಟ್ಟದೇ ಇದ್ದರೆ ಎರಡು ಲೋಹ ಬರೀ ಪಕ್ಕಪಕ್ಕ ಕೂತಿರ್ತವೆ, ಒಳಗೆ ನಂಟೇ ಆಗಿರಲ್ಲ. ಹೆಚ್ಚಾಗಿ ಹುಟ್ಟಿದರೆ ನಿಮ್ಮ ಟಿಣ್. ಒಂದೆರಡು ಮೈಕ್ರಾನಿನ ಆಸುಪಾಸಿನಲ್ಲಿ ನಿಲ್ಲಿಸಬೇಕು. ಹತ್ತು ಮೈಕ್ರಾನ್ ದಾಟಿತು ಅಂದರೆ ಆ ಬೆಸುಗೆಯನ್ನ ನಂಬಬೇಡಿ ಅಂತಾರೆ. ತಲೆಗೂದಲು ಸುಮಾರು 70 ಮೈಕ್ರಾನ್.

ಮಾವ: ಅದನ್ನ ನಿಲ್ಲಿಸೋದು ಯಾವ ಕೈ?

ಹುಡುಗಿ: ಬಿಸಿ ಮತ್ತು ಹೊತ್ತು. ಎರಡೂ ಕಡಿಮೆ ಇದ್ದಷ್ಟು ಪದರ ತೆಳು. ಸಿಕ್ಕಾಕಿಕೊಳ್ಳೋದು ಇಲ್ಲೇ. ಬಿಸಿ ಕಡಿಮೆ ಮಾಡಿದರೆ ಅಲ್ಯೂಮಿನಿಯಂ ಸಾಕಷ್ಟು ಮೆತ್ತಗಾಗಲ್ಲ, ಹರಿಯಲ್ಲ, ಟೂಲಿನ ಮೇಲೆ ಭಾರ ಬೀಳ್ತದೆ, ಒಳಗೆ ಟೊಳ್ಳು ಉಳೀತದೆ. ಜಾಸ್ತಿ ಮಾಡಿದರೆ ಚೆನ್ನಾಗಿ ಹರೀತದೆ, ಹರಳೂ ಚೆನ್ನಾಗಿ ಬೆಳೀತದೆ.

ಮಾವ: ಮೆತ್ತಗೂ ಆಗಬೇಕು, ಬಿಸಿಯೂ ಆಗಬಾರದು. ಕಾಯಿಸದೆ ಮೆತ್ತಗೆ ಮಾಡೋ ಮಂತ್ರ ಇದ್ರೆ ಹೇಳು, ನನ್ನ ಗ್ಯಾಸ್ ಖರ್ಚು ಉಳೀತದೆ.

ಹುಡುಗಿ: ಆ ಮಂತ್ರವೇ ಅಲ್ಟ್ರಾಸಾನಿಕ್.

ಮಾವ: ಸ್ಕ್ಯಾನಿಂಗ್ ಮಾಡ್ತಾರಲ್ಲ, ಅದಾ?

ಹುಡುಗಿ: ಅದರ ಅಣ್ಣ ಅನ್ನಿ. ಸ್ಕ್ಯಾನಿಂಗ್‌ನಲ್ಲಿ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಕಂಪಿಸೋ ಮೆಲುವಾದ ಅಲೆ. ಇಲ್ಲಿ ಸೆಕೆಂಡಿಗೆ 20 ಸಾವಿರದ ಸುಮಾರು, ಮನುಷ್ಯರ ಕಿವಿಗೆ ಕೇಳೋ ಮಿತಿಯ ಅಂಚು. ಆದರೆ ಬಲ ಜಾಸ್ತಿ. ಕೊರೋನಾ ಕಾಲದಲ್ಲಿ ಮೂಗಿಗೆ ಹಾಕ್ಕೊಂಡ ನೀಲಿ ಮಾಸ್ಕಿನ ಅಂಚನ್ನ ಅಂಟಿಸಿದ್ದು ಇದೇ ಕಂಪನ. ಹಲ್ಲಿನ ಡಾಕ್ಟರು ಪಾಚಿ ತೆಗೆಯೋದೂ ಹೆಚ್ಚುಕಡಿಮೆ ಇದರಲ್ಲೇ. ಒಂದು ವಿಶೇಷ ಹರಳಿಗೆ ಅದೇ ವೇಗದಲ್ಲಿ ತಿರುಗುಮುರುಗಾಗೋ ವಿದ್ಯುತ್ ಕೊಟ್ಟರೆ ಅದು ಹಿಗ್ಗಿ ಕುಗ್ತದೆ. ಅದರ ಮುಂದೆ ಲೋಹದ ಕೊಂಬು ಜೋಡಿಸಿ ಕಂಪನವನ್ನ ಹಿಗ್ಗಿಸಿ ಕೆಲಸದ ಮೇಲೆ ಇಡೋದು. ತುದಿ ಓಡಾಡೋದು ಬರೀ ಹತ್ತಿಪ್ಪತ್ತು ಮೈಕ್ರಾನ್.

ಮಾವ: ಮಾಸ್ಕು ಪ್ಲಾಸ್ಟಿಕ್ ಬಟ್ಟೆ. ಲೋಹ ಏನಾಗ್ತದೆ?

ಹುಡುಗಿ: 1955ರಲ್ಲಿ ಬ್ಲಾಹಾ ಮತ್ತು ಲಾಂಗೆನೆಕರ್ ಅಂತ ಇಬ್ಬರು ಸತುವಿನ ಒಂದೇ ಹರಳಿನ ತುಂಡನ್ನ ಎಳೀತಾ ಇದ್ದರು. ಎಳೀತಿರುವಾಗಲೇ ಅಲ್ಟ್ರಾಸಾನಿಕ್ ಕಂಪನ ಕೊಟ್ಟರು. ಎಳೆಯೋಕೆ ಬೇಕಾದ ಬಲ ತಟ್ಟನೆ ಇಳೀತು. ಕಂಪನ ನಿಲ್ಲಿಸಿದ್ರೆ ಬಲ ಮತ್ತೆ ಮೇಲಕ್ಕೆ. ಬೆಂಕಿಯಲ್ಲಿ ಕಾಯಿಸಿದರೆ ಹಾಗೆ ಗಕ್ಕನೆ ಬಂದು ಗಕ್ಕನೆ ಹೋಗಲ್ಲ. ಲೋಹ ಬಗ್ಗೋದು ಅಂದರೆ ಅದರ ಹರಳಿನ ಸಾಲುಗಳಲ್ಲಿರೋ ಸಣ್ಣ ತಪ್ಪುಗಳು ಜಾರಿಕೊಂಡು ಹೋಗೋದು. ಅವು ಅಲ್ಲಲ್ಲಿ ಸಿಕ್ಕಿಕೊಂಡಿರ್ತವೆ. ಕಂಪನ ಅವನ್ನ ಬಿಡಿಸಿ ಜಾರಿಸ್ತದೆ ಅಂತ ಒಂದು ವಿವರಣೆ. ಇನ್ನೂ ವಾದ ಮುಗಿದಿಲ್ಲ.

ಮಾವ: ಬಿಸಿ ಆಗೋದೇ ಇಲ್ವಾ?

ಹುಡುಗಿ: ಒಂದಿಷ್ಟು ಆಗ್ತದೆ. ಆದರೆ ಅಷ್ಟೇ ಮೆತ್ತಗಾಗಲು ಬೇಕಿದ್ದ ಬಿಸಿಗೆ ಹೋಲಿಸಿದರೆ ಕಡಿಮೆ. ಹಾಗಾಗಿ ಟೂಲ್ ಹಗುರಾಗಿ ಓಡ್ತದೆ. ಅದೇ ಬಿಸಿಯಲ್ಲಿ ಬೇಗ ನಡೆಸಬಹುದು, ಇಲ್ಲಾ ಅದೇ ವೇಗದಲ್ಲಿ ಕಡಿಮೆ ಬಿಸಿಯಲ್ಲಿ ಮುಗಿಸಬಹುದು. ಎರಡರಲ್ಲೂ ಬೂದು ಹರಳಿಗೆ ಬೆಳೆಯೋಕೆ ಪುರುಸೊತ್ತು ಕಡಿಮೆ. ಜೊತೆಗೆ ಪೊರೆ ಒಡೀತದೆ.

ಮಾವ: ನನಗೊಂದು ಅನುಮಾನ. ಕಂಪನ ಅಂದ್ರೆ ಬಿಡಿಸೋ ವಸ್ತು. ಟಿಲ್ಲರಿನ ಬೋಲ್ಟುಗಳು ಯಾಕೆ ಸಡಿಲ ಆಗೋದು? ಎಂಜಿನ್ನಿನ ಅದುರಿಗೆ. ನಾನು ಹಾಕಿದ ವೆಲ್ಡಿಂಗ್ ಬಿರುಕು ಬಿಡೋದೂ ಅದುರಿಗೇ. ಅದುರಿಸ್ತಾ ಹಿಡಿಸ್ತೀನಿ ಅಂತೀಯಲ್ಲ.

ಹುಡುಗಿ: ಒಳ್ಳೇ ಅನುಮಾನ. ಟಿಲ್ಲರು ಅದುರೋದು ಸೆಕೆಂಡಿಗೆ ಹತ್ತಾರು ಸಲ, ಕಣ್ಣಿಗೆ ಕಾಣೋಷ್ಟು. ಇದು ಕಾಣಲ್ಲ. ಆದರೆ ನಿಮ್ಮ ಮಾತು ಪೂರ್ತಿ ಸುಳ್ಳೂ ಅಲ್ಲ. ಕಂಪನ ಅತಿಯಾದರೆ ಆಗಷ್ಟೇ ಹಿಡಿದ ಜಾಗ ಬಿರುಕು ಬಿಡಬಹುದು, ಕ್ಲ್ಯಾಂಪು ಸಡಿಲ ಆಗಬಹುದು. ತಟ್ಟೆಯ ಉದ್ದಕ್ಕೆ ತಕ್ಕಂತೆ ಅಲೆ ಒಂದು ಕಡೆ ಜೋರು, ಒಂದು ಕಡೆ ಸತ್ತೇ ಹೋಗಿರ್ತದೆ. ಒಂದೇ ಬೆಸುಗೆಯಲ್ಲಿ ಒಂದು ಗೇಣು ಚೆನ್ನಾಗಿದ್ದು ಪಕ್ಕದ ಗೇಣು ಸಾಧಾರಣ ಆಗೋದುಂಟು. ಕೊಂಬನ್ನ ಎಲ್ಲಿ ಇಡಬೇಕು ಅನ್ನೋದೇ ಅರ್ಧ ಸಂಶೋಧನೆ.

ಮಾವ: ಎಲ್ಲಿ ಇಡ್ತಾರೆ?

ಹುಡುಗಿ: ಕೆಲವರು ಟೂಲನ್ನೇ ಅದುರಿಸ್ತಾರೆ. ಚೀನಾದ ಶಾಂಡೊಂಗ್ ವಿಶ್ವವಿದ್ಯಾಲಯದವರು ಟೂಲಿನ ಸ್ವಲ್ಪ ಮುಂದೆ, ಇನ್ನೂ ಬೆಸೆಯದ ಜಾಗಕ್ಕೆ ಕೊಂಬು ಊರಿಕೊಂಡು ಹೋಗ್ತಾರೆ. ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ತೋಮಾ, ವಾಗ್ನರ್ ಮೊದಲಾದವರು 6061 ಅಲ್ಯೂಮಿನಿಯಂ ಮತ್ತು ಡಿಸಿ04 ಅನ್ನೋ ಕಾರಿನ ಉಕ್ಕಿನ ಮೇಲೆ ಕೆಲಸ ಮಾಡಿದ್ರು. ಅವರದು ಉರುಳೋ ಚಕ್ರದ ಥರದ ಕೊಂಬು, ತಟ್ಟೆಯ ಮೇಲೆ ಟೂಲಿನ ಜೊತೆಜೊತೆಗೇ ಓಡ್ತದೆ. 2018ರಲ್ಲಿ ಅವರ ಒಂದು ವಿವರವಾದ ಲೇಖನ ಬಂತು. ಗಡಿಯ ಪದರ ತೆಳುವಾಗಿದ್ದನ್ನ ತೋರಿಸಿದ್ರು, ಬಲವನ್ನಷ್ಟೇ ಅಲ್ಲ, ತುಕ್ಕಿನ ವರ್ತನೆಯನ್ನೂ ಪರೀಕ್ಷೆ ಮಾಡಿದ್ರು. ತುಕ್ಕನ್ನ ನೋಡಿದ್ದು ದೊಡ್ಡದು. ಬಲ ಅಳೆದು ಲೇಖನ ಮುಗಿಸೋರೇ ಜಾಸ್ತಿ.

ಮಾವ: ಈ ಕೆಲಸ ಮಾಡಿ ಮಾರಿದೋರು ಯಾರಾದ್ರೂ ಇದಾರಾ? ಲೇಖನ ಅಲ್ಲ, ವಸ್ತು.

ಹುಡುಗಿ: ಕಂಪನ ಇಲ್ಲದ ವಿಧಾನದಲ್ಲಿ ಇದಾರೆ. ಹೋಂಡಾದವರು ಅಮೆರಿಕದ ಮಾರುಕಟ್ಟೆಗೆ ಬಿಟ್ಟ 2013ರ ಅಕಾರ್ಡ್ ಕಾರಿನ ಮುಂದಿನ ಸಬ್‌ಫ್ರೇಮಿನಲ್ಲಿ ಉಕ್ಕಿನ ಮೇಲೆ ಅಲ್ಯೂಮಿನಿಯಂ ಹೊದಿಸಿ, ಮೇಲಿಂದ ಟೂಲ್ ಇಳಿಸಿ ಬೆಸೆದ್ರು. ಬರೀ ಉಕ್ಕಿನ ಫ್ರೇಮಿಗಿಂತ ತೂಕ ಶೇ. 25 ಕಡಿಮೆ ಆಯ್ತು, ಬೆಸೆಯೋ ಕೆಲಸಕ್ಕೆ ವಿದ್ಯುತ್ತು ಹೆಚ್ಚುಕಡಿಮೆ ಅರ್ಧ ಸಾಕಾಯ್ತು ಅಂತ ಅವರೇ ಹೇಳಿಕೊಂಡಿದಾರೆ. ರೋಬೋ ಕೈಗೆ ಟೂಲ್ ಕೊಟ್ಟಿದ್ರು. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ತಪಾಸಣೆ. ಲೇಸರ್ ಬಿಟ್ಟು, ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿ, ಬೆಸುಗೆ ಒಳಗೆ ಹಿಡಿದಿದೆಯೋ ಇಲ್ಲವೋ ಅಂತ ಪ್ರತಿಯೊಂದನ್ನೂ ಪರೀಕ್ಷಿಸೋ ಏರ್ಪಾಡು ಮಾಡಿಕೊಂಡರು.

ಮಾವ: ಅದು ಸರಿ ಕೆಲಸ. ನನ್ನ ವೆಲ್ಡಿಂಗ್ ಸರಿಯಿಲ್ಲ ಅಂದ್ರೆ ಕಣ್ಣಿಗೆ ಕಾಣ್ತದೆ, ಸ್ಲ್ಯಾಗ್ ತಟ್ಟಿದ್ರೆ ಗೊತ್ತಾಗ್ತದೆ. ಮೇಲೆ ನುಣ್ಣಗಿದ್ದು ಒಳಗೆ ಹಿಡೀದೆ ಇರೋದು ಎಲ್ಲಕ್ಕಿಂತ ಕೆಟ್ಟದ್ದು. ಈಗ ಹೇಳು, ಆ ದೋಟಿಯವನಿಗೆ ಏನು ಮಾಡಿಕೊಡಲಿ?

ಹುಡುಗಿ: ಬೋಲ್ಟೇ ಹಾಕಿಕೊಡಿ.

ಮಾವ: ಇಷ್ಟೆಲ್ಲ ಹೇಳಿ ಬೋಲ್ಟಾ!

ಹುಡುಗಿ: ದುಂಡಗಿನ ಪೈಪಿನ ತುದಿಗೆ ಒಂದು ಕತ್ತಿ. ಅದಕ್ಕೆ ಅರ್ಧ ಟನ್ ಒತ್ತೋಕೆ ಕೆಳಗೆ ಆಧಾರವೇ ಸಿಗಲ್ಲ. ಕತ್ತಿ ಸವೆದ ಮೇಲೆ ಬದಲಾಯಿಸಬೇಕಲ್ಲ, ಅದೂ ಇದೆ. ಬೆಸುಗೆ ಅಲ್ಲಿ ತಪ್ಪು ಉತ್ತರ. ಆದರೆ ಬೋಲ್ಟಿನ ಕೆಳಗೆ ನೈಲಾನ್ ವಾಷರ್ ಹಾಕಿ, ಉಕ್ಕು ಅಲ್ಯೂಮಿನಿಯಂ ನೇರ ತಾಗದಂಗೆ ಮಾಡಿ. ಮೊದಲು ಹೊಸದಾಗಿದ್ದಾಗ ಬಿಗಿಯಾಗೇ ಇತ್ತು ಅಂದನಾ ಅವನು?

ಮಾವ: ಮೊದಲ ವರ್ಷ ಚೆನ್ನಾಗಿತ್ತಂತೆ. ಈಗ ತೂತಿನ ಸುತ್ತ ಬಿಳಿ ಪುಡಿ ಬಂದು ತೂತೇ ದೊಡ್ಡದಾಗೈತೆ.

ಹುಡುಗಿ: ನೀರು ಬಿದ್ದಾಗ ಎರಡು ಲೋಹ ಸೇರಿ ಬ್ಯಾಟರಿ ಆಗ್ತವೆ, ಅಲ್ಯೂಮಿನಿಯಂ ತನ್ನನ್ನ ತಿನ್ನಿಸಿಕೊಂಡು ಉಕ್ಕನ್ನ ಕಾಪಾಡ್ತದೆ. ಶಿಕಾರಿಪುರದ ಮಳೆಗೇ ಹೀಗಾದರೆ ನಮ್ಮ ಸೊರಬದ ಕಡೆ ಮಳೆಗಾಲದಲ್ಲಿ ಕೇಳೋದೇ ಬೇಡ. ಅದೇ ದೋಟಿಯಲ್ಲಿ ಔಷಧಿ ಹೊಡೀತಾರಾ?

ಮಾವ: ಹೊಡೀತಾರೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ. ಅಡಿಕೆ ಕೊನೆಗೆ ಕತ್ತಿ, ಔಷಧಿಗೆ ನಳಿಗೆ, ಬದಲಾಯಿಸಿ ಹಾಕ್ಕೊಳ್ತಾರೆ.

ಹುಡುಗಿ: ಅಲ್ಲಿಗೆ ಮುಗೀತು. ಆ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದೆ ಹೋದರೆ ಚಾಕು ಅದ್ದಿ ನೋಡ್ತಾರಲ್ಲ, ಕೆಂಪಗೆ ತಾಮ್ರ ಹಿಡೀತದೆ. ಆ ಬಿಡಿ ತಾಮ್ರ ಅಲ್ಯೂಮಿನಿಯಮ್ಮಿನ ಮೇಲೆ ಕೂತರೆ ಅದೂ ತಿನ್ನೋಕೆ ಶುರು ಮಾಡ್ತದೆ. ಈ ತೋಟದ ರಸಾಯನ ನನ್ನ ಬೆಸುಗೆಯನ್ನೂ ಬಿಡಲ್ಲ. ಬೆಸುಗೆ ಎಷ್ಟೇ ಗಟ್ಟಿ ಇರಲಿ, ಗಡಿ ಮಳೆಗೆ ತೆರೆದಿದ್ದರೆ ಬಣ್ಣವೋ ಸೀಲೆಂಟೋ ಹಚ್ಚಲೇಬೇಕು. ಕಾರಿನವರೂ ಸೀಲ್ ಮಾಡೇ ಕಳಿಸೋದು.

ಮಾವ: ಅಲ್ಯೂಮಿನಿಯಂ ದೋಟಿ ಬಿಟ್ಟುಬಿಡೋದೇ ವಾಸಿ. ಕರೆಂಟು ತಂತಿಗೆ ತಾಗಿಸ್ಕೊಂಡು ಸತ್ತವರಿದಾರೆ. ಈಗ ಕಾರ್ಬನ್ ಫೈಬರಿನದು ಬಂದೈತೆ, ಹಗುರ.

ಹುಡುಗಿ: ಕಾರ್ಬನ್ ಫೈಬರಲ್ಲೂ ಕರೆಂಟು ಹರೀತದೆ ಮಾವ. ಅದನ್ನ ಅವನಿಗೆ ಮರೀದೆ ಹೇಳಿ.

ಮಾವ: ಹೌದಾ? ಹೇಳ್ತೀನಿ. ಈಗ ನನ್ನದೊಂದು ಪ್ರಶ್ನೆ, ನಿನ್ನ ಗೈಡು ಕೇಳಿರಲ್ಲ. ಆ ಕಾರು ಒಂದಿನ ಗುಜರಿಗೆ ಬರ್ತದೆ. ಬಸ್ಸಿನ ಬಾಡಿ ಬಂದ್ರೆ ಹುಡುಗರು ರಿವೀಟ್ ತಲೆ ಹಾರಿಸಿ ಶೀಟು ಬೇರೆ, ಪೈಪು ಬೇರೆ ಮಾಡ್ತಾರೆ. ರ‍್ಯಾಬಿಟ್ ತಂತಿ ಬಂದ್ರೆ ಹುರಿ ಬಿಚ್ತಾರೆ. ಬೈಕಿನ ಬ್ಲಾಕು ಕಾಯಿಸಿ ಸ್ಲೀವ್ ಬೀಳಿಸ್ತಾರೆ. ಅಲ್ಯೂಮಿನಿಯಂ ರೇಟೇ ಬೇರೆ, ಕಬ್ಬಿಣದ ರೇಟೇ ಬೇರೆ. ನೀನು ಒಂದು ಮಾಡಿದ್ದನ್ನ ಯಾವನು ಬಿಡಿಸ್ತಾನೆ? ಮ್ಯಾಗ್ನೆಟ್ ಹಿಡಿದ್ರೆ ಅಲ್ಯೂಮಿನಿಯಮ್ಮೂ ಸೇರಿ ಎದ್ದು ಬರ್ತದಲ್ಲ.

ಹುಡುಗಿ: ಬರ್ತದೆ. ಇನ್ನೊಂದು ಕಡೆಯಿಂದ ನೋಡಿದರೆ ಇನ್ನೂ ಕಷ್ಟ. ಅಲ್ಯೂಮಿನಿಯಂ ಕರಗಿಸೋವಾಗ ಕಬ್ಬಿಣ ಒಳಗೆ ಸೇರಿಬಿಟ್ಟರೆ ತೆಗೆಯೋದು ಬಲು ಕಷ್ಟ, ಎರಕ ಕಳಪೆಯಾಗ್ತದೆ. ಮರುಬಳಕೆಯ ಅಲ್ಯೂಮಿನಿಯಮ್ಮಿಗೆ ಕಬ್ಬಿಣವೇ ದೊಡ್ಡ ತಲೆನೋವು.

ಮಾವ: ಹಂಗಾದ್ರೆ ಹಗುರ ಮಾಡಿ ಉಳಿಸಿದ ಪೆಟ್ರೋಲು ಗುಜರಿಯಾಗೆ ಹೋಯ್ತು.

ಹುಡುಗಿ: ಪೂರ್ತಿ ಹೋಗಲ್ಲ, ಆದರೆ ಲೆಕ್ಕಕ್ಕೆ ಸೇರಿಸಬೇಕು. ನಾವು ಯಾರೂ ಅದನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆಯಲ್ಲ.

(ಇಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮಾವ ಗ್ರೈಂಡರಿನ ಸವೆದ ಚಕ್ರ ಬಿಚ್ಚಿ ಬೇರೆಯದು ಹಾಕಿದರು.)

ಮಾವ: ನಿನ್ನ ಬೂದು ಹರಳು ಬಿಸಿಗೆ ಬೆಳೀತದೆ ಅಂದ್ಯಲ್ಲ. ಬೆಸುಗೆ ಹಾಕೋವಾಗ ಮಾತ್ರವಾ, ಆಮೇಲೆ ಯಾವತ್ತು ಕಾಯಿಸಿದ್ರೂ ಬೆಳೀತದಾ?

ಹುಡುಗಿ: ಯಾವತ್ತು ಕಾಯಿಸಿದರೂ. 500 ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಇಟ್ಟರೆ ಪದರ ದಪ್ಪ ಆಗ್ತಾ ಹೋಗ್ತದೆ.

ಮಾವ: ಅಲ್ಯೂಮಿನಿಯಂ ಕರಗೋಕೆ ಇನ್ನೂ ನೂರು ಚಿಲ್ಲರೆ ಡಿಗ್ರಿ ಬಾಕಿ. ಹಂಗಾದ್ರೆ ಕಾಯಿಸಿ, ಹರಳು ಬೆಳೆಸಿ, ತಣ್ಣಗಾದ ಮೇಲೆ ಒಂದು ಸುತ್ತಿಗೆ ಏಟು. ಟಿಣ್. ಬಿಡಬೇಕಲ್ಲ?

ಹುಡುಗಿ: ಬಿಡಬೇಕು. ಕಾಯಿಸಿದ ಮೇಲೆ ಬಲ ಕುಸಿಯೋದಂತೂ ಖಾತ್ರಿ. ಸ್ವಚ್ಛವಾಗಿ ಬಿಡ್ತದಾ, ಎಷ್ಟು ಹೊತ್ತು ಕಾಯಿಸಬೇಕು, ಅಲ್ಯೂಮಿನಿಯಂ ಕಡೆ ಎಷ್ಟು ಹರಳು ಅಂಟಿ ಉಳೀತದೆ, ಇದನ್ನ ಮಾಡಿಯೇ ನೋಡಬೇಕು. ಕಾಯಿಸೋ ಖರ್ಚು ಎರಡು ರೇಟಿನ ವ್ಯತ್ಯಾಸಕ್ಕಿಂತ ಕಡಿಮೆ ಇರಬೇಕು. ಬಿಡಿಸದೆ ಹಂಗೇ ಕೊಟ್ಟರೆ ಗುಜರಿಯವರು ಏನು ರೇಟು ಹಾಕ್ತಾರೆ?

ಮಾವ: ಮಿಕ್ಸ್ ಬಂದ್ರೆ ಕಬ್ಬಿಣದ ರೇಟೇ. ಅಲ್ಯೂಮಿನಿಯಂ ಎಷ್ಟೇ ಇರ್ಲಿ. ಮುಂದಿನ ಸಲ ಬರೋವಾಗ ನಿನ್ನ ಲ್ಯಾಬಿನಲ್ಲಿ ಕೆಟ್ಟುಹೋದ ತುಂಡು ಇದ್ರೆ ನಾಲ್ಕು ತಗೊಂಡು ಬಾ, ಕರೆಂಟು ಬಂದಾಗ ಇಲ್ಲೇ ಕಾಯಿಸಿ ನೋಡೋಣ.

ಹುಡುಗಿ: ಕೆಟ್ಟ ತುಂಡಿಗೆ ಬರ ಇಲ್ಲ ಮಾವ. ಆದರೆ ಬಿಸಿ ಅಳೆಯೋಕೆ ಥರ್ಮೋಕಪಲ್ ಬೇಕು, ಕಣ್ಣಂದಾಜಿಗೆ ಆಗಲ್ಲ. ಅಲ್ಯೂಮಿನಿಯಂ ಕೆಂಪಗಾಗೋ ಮೊದಲೇ ಕರಗ್ತದೆ.

ಮಾವ: ಅದು ನನಗೆ ಹೇಳ್ಕೊಡ್ತೀಯಾ? ಥರ್ಮೋಕಪಲ್ ನೀನು ತಾ, ಕುಲುಮೆ ನನ್ನದು.